ಗದ್ದಲದಲ್ಲಿ ಮಾತನ್ನು ಹೆಕ್ಕುವ ಶ್ರವಣಯಂತ್ರ

ಶ್ರವಣಯಂತ್ರ ಧರಿಸಿದವರು ಔತಣಕೂಟಗಳಲ್ಲಿ ಅದನ್ನು ಕಳಚಿ ಜೇಬಿಗಿಳಿಸುವುದುಂಟು. ಅದು ಹಟವಲ್ಲ, ಯಂತ್ರವು ಪಕ್ಕದವರ ಮಾತಿನೊಡನೆ ತಟ್ಟೆ ಲೋಟಗಳ ಸದ್ದನ್ನೂ ಹಿಗ್ಗಿಸುತ್ತದೆ. ಹಲವು ದನಿಗಳಲ್ಲಿ ಒಂದನ್ನೇ ಕಿವಿ ಆರಿಸಿಕೊಳ್ಳುವುದು ಹೇಗೆಂಬುದನ್ನು ಕಾಲಿನ್ ಚೆರ್ರಿ 1953ರಲ್ಲಿ ‘ಕಾಕ್‌ಟೇಲ್ ಪಾರ್ಟಿ ಸಮಸ್ಯೆ’ ಎಂದು ಕರೆದರು.

ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಡಿಲಿಯಾಂಗ್ ವಾಂಗ್ ಮತ್ತು ಸಂಗಡಿಗರು ಈ ಆಯ್ಕೆಯನ್ನು ಗಣಕಕ್ಕೆ ಕಲಿಸಹೊರಟರು. ಗದ್ದಲ ಬೆರೆತ ಧ್ವನಿಯನ್ನು ಕಾಲ ಮತ್ತು ಕಂಪನಗಳ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಮಾತು ಮೇಲುಗೈಯಾದ ಚೌಕಗಳನ್ನಷ್ಟೇ ಉಳಿಸಿ ಮಿಕ್ಕವನ್ನು ಅಳಿಸುವುದೇ ಆ ಪಾಠ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಿವಿ ಮಂದವಾದವರು ಗದ್ದಲದೊಳಗಿನ ವಾಕ್ಯಗಳನ್ನು ಮೊದಲಿಗಿಂತ ಬಹಳ ಚೆನ್ನಾಗಿ ಗ್ರಹಿಸಿದರು.

ಇಂಥ ವಿದ್ಯೆ ಈಗ ಕಿವಿಯ ಹಿಂದಿನ ಪುಟ್ಟ ಯಂತ್ರದೊಳಗೇ ಬಂದಿದೆ. ಅದಕ್ಕೆ ಸಿಗುವ ಕಾಲಾವಕಾಶ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು. ತಡವಾದರೆ ತನ್ನ ದನಿಯೇ ಮಾರ್ದನಿಯಂತೆ ಕೇಳಿಸೀತು. ಇಬ್ಬರು ಒಮ್ಮೆಗೇ ಮಾತಾಡಿದರೆ ಯಾರ ಮಾತು ಬೇಕೆಂಬುದು ಪಾಪ, ಅದಕ್ಕೆ ಹೇಗೆ ತಿಳಿಯಬೇಕು?