ಪರೀಕ್ಷಿತ ಪ್ರೊಸೆಸರುಗಳ ಕ್ರಯವಿಚಾರ

೧. ವಿಷಯನಿರ್ದೇಶ

ಗಣಕಯಂತ್ರದ ಅಂಗಗಳಲ್ಲಿ ಪ್ರಧಾನವಾದುದು ಪ್ರೊಸೆಸರು. ಲೆಕ್ಕ, ಬರಹ, ಚಿತ್ರ, ಧ್ವನಿ ಯಾವುದೇ ಆಗಲಿ, ಅದರ ಸಂಸ್ಕಾರವು ಮುಖ್ಯವಾಗಿ ಈ ಸಿಲಿಕಾನಿನ ಬಿಲ್ಲೆಯಲ್ಲಿಯೇ ನಡೆಯುವುದು. ಒಂದೇ ಹೆಸರಿನಿಂದಲೂ ಒಂದೇ ಬೆಲೆಯಿಂದಲೂ ಮಾರಾಟಕ್ಕೆ ಬರುವ ಪ್ರೊಸೆಸರುಗಳು ಗುಣದಲ್ಲಿ ಮಾತ್ರ ಸರ್ವಸಮಾನವಾಗಿರುವುದಿಲ್ಲ. ಇದನ್ನರಿತ ಕೆಲವು ವರ್ತಕರು ಅವುಗಳನ್ನು ರಾಶಿಯಾಗಿ ಕೊಂಡು, ಒಂದೊಂದನ್ನೂ ಓಡಿಸಿ ಪರೀಕ್ಷಿಸಿ, ಉತ್ತಮವಾದುವನ್ನು ಆರಿಸಿ, ಕೆಲವುಗಳ ಮುಚ್ಚಳವನ್ನು ತೆಗೆದು ಒಳಗಣ ಲೇಪವನ್ನು ಬದಲಿಸಿ, ಹೆಚ್ಚಿನ ಬೆಲೆಗೆ ಮಾರುವ ಪದ್ಧತಿಯನ್ನು ಪಾಶ್ಚಾತ್ಯ ದೇಶಗಳಲ್ಲಿ ಬೆಳೆಸಿದರು. ಕೊಳ್ಳುವವರ ಉದ್ದೇಶಗಳು ಎರಡು: ನಿಯಮಿತ ವೇಗವನ್ನು ಮೀರಿ ಓಡಿಸುವ ಓವರ್‌ಕ್ಲಾಕಿಂಗ್ ಒಂದು, ಅದೇ ವೇಗದಲ್ಲಿ ಯಂತ್ರವನ್ನು ತಂಪಾಗಿರಿಸುವುದು ಇನ್ನೊಂದು. ಈ ಕ್ರಯದ ಸ್ವರೂಪವೇನು, ಕೊಳ್ಳುವವನಿಗೆ ದೊರೆಯುವುದೇನು, ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿಗಳ ಬಿಸಿಲುಸೀಮೆಯಲ್ಲಿ ಅದರ ಪ್ರಯೋಜನವೆಷ್ಟು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗುವುದು.

ಈ ವಿಷಯವು ಸಾಹಿತ್ಯಾಭ್ಯಾಸಿಗಳಿಗೆ ಹೊರಗಿನದೆಂದು ತೋರಬಹುದು. ಆದರೆ ಹಳೆಯ ಮುದ್ರಿತ ಗ್ರಂಥಗಳ ಛಾಯಾಪ್ರತಿಗಳನ್ನು ಯಂತ್ರದಿಂದಲೇ ಓದಿಸಿ ಅಕ್ಷರರೂಪಕ್ಕೆ ತರುವ ಕಾರ್ಯವು ಈಗ ಕನ್ನಡದಲ್ಲಿಯೂ ನಡೆಯುತ್ತಿದೆ. ಸಾವಿರಾರು ಪುಟಗಳನ್ನು ಹೀಗೆ ಓದಿಸುವಾಗ ಪ್ರೊಸೆಸರು ಗಂಟೆಗಟ್ಟಲೆ ಪೂರ್ಣಭಾರವನ್ನು ಹೊರಬೇಕಾಗುವುದು. ಶಕ್ತಿಮೀರಿ ಓಡಿಸಲ್ಪಟ್ಟ ಪ್ರೊಸೆಸರು ಯಾವಾಗಲೂ ನಿಂತೇ ತನ್ನ ಸೋಲನ್ನು ತೋರಿಸುವುದೆಂದು ಹೇಳಲಾಗದು. ಕೆಲವೊಮ್ಮೆ ಓಡುತ್ತಲೇ ಇದ್ದು ತಪ್ಪು ಫಲವನ್ನು ಕೊಟ್ಟುಬಿಡುವುದು. ನಿದ್ದೆಗಣ್ಣಿನ ಲಿಪಿಕಾರನು ಓಲೆಯಲ್ಲಿ ಉಳಿಸಿಹೋದ ದೋಷದಂತೆ ಆ ತಪ್ಪು ಗ್ರಂಥದೊಳಗೆ ಸೇರಿ, ಬಹುಕಾಲ ಯಾರ ಕಣ್ಣಿಗೂ ಬೀಳದಿರಬಹುದು. ಆದುದರಿಂದ ಇದು ಪಾಠಶುದ್ಧಿಯನ್ನು ಬಯಸುವವರಿಗೂ ಸಂಬಂಧಿಸಿದ ವಿಚಾರವೇ ಸರಿ.

೨. ಭೇದವು ಹುಟ್ಟುವ ಬಗೆ

ಸಾಮಾನ್ಯವಾಗಿ ೩೦೦ ಮಿಲಿಮೀಟರು ವ್ಯಾಸವುಳ್ಳ ತೆಳುವಾದ ಸಿಲಿಕಾನಿನ ತಟ್ಟೆಯ ಮೇಲೆ ಅನೇಕ ಪ್ರೊಸೆಸರುಗಳನ್ನು ಒಟ್ಟಿಗೆ ರೂಪಿಸಿ, ಬಳಿಕ ಕತ್ತರಿಸಿ ಬೇರ್ಪಡಿಸುವರು. ಒಂದೊಂದರಲ್ಲಿಯೂ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರಬಹುದು. ಅವುಗಳ ಪದರಗಳ ದಪ್ಪ, ಗೆರೆಗಳ ಅಗಲ, ಬೆರೆಸಿದ ದ್ರವ್ಯಗಳ ಪ್ರಮಾಣ ಇವು ತಟ್ಟೆಯ ಒಂದೆಡೆಯಿಂದ ಇನ್ನೊಂದೆಡೆಗೆ ಅತ್ಯಲ್ಪವಾಗಿ ವ್ಯತ್ಯಾಸಗೊಳ್ಳುವುವು. ಇದರ ಫಲವಾಗಿ ಒಂದು ಪ್ರೊಸೆಸರು ೫ ಗಿಗಾಹರ್ಟ್ಸ್ ವೇಗವನ್ನು, ಎಂದರೆ ಸೆಕೆಂಡಿಗೆ ೫೦೦ ಕೋಟಿ ಮಿಡಿತಗಳನ್ನು, ಕಡಿಮೆ ವೋಲ್ಟೇಜಿನಲ್ಲಿಯೇ ತಾಳುವುದು; ಅದರ ಮಗ್ಗುಲಲ್ಲಿ ಹುಟ್ಟಿದ ಇನ್ನೊಂದಕ್ಕೆ ಅದೇ ವೇಗಕ್ಕೆ ಹೆಚ್ಚಿನ ವೋಲ್ಟೇಜು ಬೇಕಾಗುವುದು.

ಈ ವೋಲ್ಟೇಜಿನ ವ್ಯತ್ಯಾಸವು ಸಣ್ಣದೆಂದು ಉಪೇಕ್ಷಿಸತಕ್ಕುದಲ್ಲ. ಪ್ರೊಸೆಸರಿನ ಮಿಡಿತದಿಂದ ವ್ಯಯವಾಗುವ ಶಕ್ತಿಯು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುವುದು. ಆ ಶಕ್ತಿಯೆಲ್ಲ ಕಡೆಗೆ ಶಾಖವಾಗುವುದು. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ ೧೦ರಂತೆ ಹೆಚ್ಚಿಸಿದರೆ ಈ ಶಾಖವು ನೂರಕ್ಕೆ ೩೩ರಷ್ಟು ಹೆಚ್ಚುವುದು. ವೇಗವನ್ನು ಮುಟ್ಟದೆ ವೋಲ್ಟೇಜನ್ನು ಮಾತ್ರ ನೂರಕ್ಕೆ ೧೦ರಂತೆ ತಗ್ಗಿಸಿದರೆ ನೂರಕ್ಕೆ ೧೯ರಷ್ಟು ಕಡಿಮೆಯಾಗುವುದು. ಒಳ್ಳೆಯ ಪ್ರೊಸೆಸರು ವೇಗಾರ್ಥಿಗೂ ಶೈತ್ಯಾರ್ಥಿಗೂ ಏಕೆ ಸಮಾನವಾಗಿ ಬೇಕಾದುದೆಂಬುದು ಇದರಿಂದ ಸ್ಪಷ್ಟವಾಗುವುದು.

ಇಲ್ಲಿ ಪರೀಕ್ಷೆಯ ಒಂದು ತತ್ತ್ವವನ್ನು ಗಮನಿಸಬೇಕು. ಕಂಪ್ಲಿಯ ಗದ್ದೆಗಳ ಅಕ್ಕಿಯನ್ನು ಬೇಯಲಿಟ್ಟ ಗೃಹಿಣಿಯು ಒಂದಗುಳನ್ನು ಹಿಸುಕಿ ಇಡೀ ಪಾತ್ರೆಯ ಸ್ಥಿತಿಯನ್ನು ತಿಳಿಯುವಳು, ಇದೇ ಸ್ಥಾಲೀಪುಲಾಕನ್ಯಾಯ. ಸಂಡೂರಿನ ಕಬ್ಬಿಣದ ಅದಿರಿನ ರಾಶಿಯಿಂದಲೂ ಕ್ರಮವರಿತು ಮಾದರಿಗಳನ್ನು ತೆಗೆದು, ಅವುಗಳಲ್ಲಿರುವ ಲೋಹಾಂಶವನ್ನು ಅಳೆದು, ಇಡೀ ರಾಶಿಯ ದರ್ಜೆಯನ್ನು ನಿಶ್ಚಯಿಸುವರು. ರಾಶಿಯು ರಾಶಿಯಾಗಿಯೇ ಉಪಯೋಗಕ್ಕೆ ಬರುವುದಾದಕಾರಣ ಅಲ್ಲಿ ಈ ಕ್ರಮವು ಸಾಧು. ಪ್ರೊಸೆಸರಿಗೆ ಈ ನ್ಯಾಯವು ಸಲ್ಲದು. ಕೊಳ್ಳುವವನ ಪಾಲಿಗೆ ಬರುವುದು ಒಂದು. ಆ ಒಂದರ ಗುಣವನ್ನು ಉಳಿದ ಸಾವಿರದ ಸರಾಸರಿಯು ತಿಳಿಸಲಾರದು. ಪೆಟ್ಟಿಗೆಯ ಮೇಲಿನ ತಯಾರಿಕೆಯ ಸಂಖ್ಯೆಯನ್ನು ನೋಡಿ ಶುಭಾಶುಭಗಳನ್ನು ಹೇಳುವ ಹವ್ಯಾಸಿಗಳೂ ಉಂಟು. ಅದು ಎತ್ತಿನ ಸುಳಿಯನ್ನು ನೋಡಿ ಅದರ ದುಡಿಮೆಯನ್ನು ಹೇಳಿದಂತೆ. ಪ್ರೊಸೆಸರನ್ನು ಒಂದೊಂದಾಗಿ ಓಡಿಸಿಯೇ ನೋಡಬೇಕು.

೩. ಮೊದಲನೆಯ ವಿಂಗಡಣೆ: ಕಾರ್ಖಾನೆಯಲ್ಲಿ

ಈ ಓಡಿಸಿ ನೋಡುವ ಕೆಲಸವನ್ನು ಮೊದಲು ಮಾಡುವವನು ತಯಾರಕನೇ. ಪ್ರತಿಯೊಂದನ್ನೂ ಪರೀಕ್ಷಿಸಿ, ಬಲವಾದುದಕ್ಕೆ ಒಂದು ಹೆಸರು ಮತ್ತು ಬೆಲೆ, ಅದಕ್ಕಿಂತ ಕಡಿಮೆಯಾದುದಕ್ಕೆ ಇನ್ನೊಂದು ಹೆಸರು ಮತ್ತು ಬೆಲೆ ಎಂದು ಅವನು ದರ್ಜೆಗಳನ್ನು ಏರ್ಪಡಿಸುವನು. ಇದಕ್ಕೆ ಬಿನ್ನಿಂಗ್ ಎಂದು ಹೆಸರು. ಆರಿಸಿ ಹಂಚುವ ಈ ಅರ್ಥಶಾಸ್ತ್ರವು ಹಂಪೆಗೆ ಹೊಸದಲ್ಲ. ಸುಮಾರು ೧೫೩೫-೩೭ರಲ್ಲಿ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ಕುದುರೆವ್ಯಾಪಾರಿ ಫೆರ್ನಾವೊ ನೂನಿಜನ ಬರವಣಿಗೆಯನ್ನು ರಾಬರ್ಟ್ ಸಿವೆಲ್ ಮಹಾಶಯನು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಅದರ ಪ್ರಕಾರ ಅರಸನು ಪ್ರತಿವರ್ಷವೂ ಹೊರ್ಮುಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಕೂಡಿಸಿ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದನು. ಶ್ರೇಷ್ಠವಾದುವನ್ನು ತನ್ನ ಲಾಯಕ್ಕೆ ಆರಿಸಿಕೊಂಡು ಉಳಿದುವನ್ನು ನಾಯಕರಿಗೆ ಕೊಡುತ್ತಿದ್ದನು. ನಾಡಕುದುರೆಗಳನ್ನು ಸಾವಿರ ಪರ್ದಾವಿಗೆ ಐದರಂತೆ ಅವರಿಗೆ ಕೊಟ್ಟು, ಬಂದ ಹಣದಿಂದ ಪೋರ್ಚುಗೀಸರ ಅರಬ್ಬೀ ಕುದುರೆಗಳ ಬೆಲೆಯನ್ನು ತೀರಿಸುತ್ತಿದ್ದನು. ಬೊಕ್ಕಸದಿಂದ ಏನೂ ವ್ಯಯವಾಗುತ್ತಿರಲಿಲ್ಲ.

ಪ್ರೊಸೆಸರಿನ ತಯಾರಕನೂ ಇದೇ ದಾರಿಯಲ್ಲಿ ನಡೆಯುವನು: ಕೆಳದರ್ಜೆಯ ವಿಕ್ರಯವು ತಟ್ಟೆಯ ಖರ್ಚಿನ ಬಹುಭಾಗವನ್ನು ಹೊತ್ತು, ಆಯ್ದ ಕೆಲವು ಮೇಲುದರ್ಜೆಯ ಲಾಭವನ್ನು ತರುವುವು. ಇಂಟೆಲ್ ಸಂಸ್ಥೆಯು ೨೦೧೮ರಲ್ಲಿ ಐ೯-೯೯೦೦ಕೆ ಎಂಬುದನ್ನು ಹೊರಡಿಸಿ, ಮರುವರ್ಷ ಅದೇ ಜಾತಿಯಲ್ಲಿ ಎಂಟು ಅಂತರಂಗಗಳೂ ಏಕಕಾಲದಲ್ಲಿ ೫ ಗಿಗಾಹರ್ಟ್ಸ್ ತಾಳುವುದನ್ನು ಆರಿಸಿ ಐ೯-೯೯೦೦ಕೆಎಸ್ ಎಂದು ಮಾರಿತು. ಇನ್ನೊಂದು ಸಂಗತಿಯೂ ಉಂಟು. ಅಗ್ಗದ ದರ್ಜೆಗೆ ಬೇಡಿಕೆ ಹೆಚ್ಚಾದಾಗ ಬಲವಾದುವೂ ಕೆಳದರ್ಜೆಯ ಹೆಸರಿನಲ್ಲಿ ಹೊರಬೀಳಬಹುದು. ೧೯೯೮ರ ಸೆಲೆರಾನ್ ೩೦೦ಎ ಎಂಬುದು ೩೦೦ ಮೆಗಾಹರ್ಟ್ಸಿನದೆಂದು ಮಾರಾಟವಾದರೂ ಅನೇಕರ ಬಳಿಯಲ್ಲಿ ೪೫೦ರ ವೇಗದಲ್ಲಿ ನೆಮ್ಮದಿಯಾಗಿ ಓಡಿತು. ಓವರ್‌ಕ್ಲಾಕಿಂಗಿನ ಆಸೆಗೆ ಇಂತಹ ಗುಪ್ತಶಕ್ತಿಯೇ ಮೂಲ.

೪. ಎರಡನೆಯ ವಿಂಗಡಣೆ: ವರ್ತಕನಲ್ಲಿ

ಒಂದೇ ದರ್ಜೆಯೊಳಗೆ ಉಳಿದಿರುವ ತಾರತಮ್ಯವನ್ನು ಮತ್ತೊಮ್ಮೆ ಸೋಸುವುದೇ ಎರಡನೆಯ ವರ್ತಕನ ವೃತ್ತಿ. ಅಮೆರಿಕದ ಸಿಲಿಕಾನ್ ಲಾಟರಿ ಎಂಬ ಅಂಗಡಿಯು ಇದರಲ್ಲಿ ಪ್ರಸಿದ್ಧವಾಗಿತ್ತು. ಪ್ರತಿ ಪ್ರೊಸೆಸರಿನ ಪರೀಕ್ಷಿತ ವೇಗ, ಅದಕ್ಕೆ ಬೇಕಾದ ವೋಲ್ಟೇಜು, ಎವಿಎಕ್ಸ್ ಎಂಬ ಭಾರವಾದ ಆಜ್ಞಾಸಮೂಹ ಬಂದಾಗ ವೇಗವನ್ನು ಎಷ್ಟು ತಗ್ಗಿಸಬೇಕು, ಇವನ್ನೆಲ್ಲ ಹೇಳಿ ಅದು ಮಾರುತ್ತಿತ್ತು. ಜರ್ಮನಿಯ ಕೇಸ್‌ಕಿಂಗ್ ಅಂಗಡಿಯೂ ಪರೀಕ್ಷಿಸಿ ಮುಚ್ಚಳ ತೆಗೆದ ಪ್ರೊಸೆಸರುಗಳನ್ನು ಮಾರಿತು.

ಮುಚ್ಚಳದ ಪ್ರಸಂಗವನ್ನು ಸ್ವಲ್ಪ ವಿವರಿಸಬೇಕು. ಸಿಲಿಕಾನಿನ ಬಿಲ್ಲೆಯ ಮೇಲೆ ತಾಮ್ರದ ಮುಚ್ಚಳವಿರುವುದು. ಅದರ ಮೇಲೆ ಗಾಳಿಯಿಂದಲೋ ನೀರಿನಿಂದಲೋ ತಂಪುಮಾಡುವ ಸಾಧನವು ಕೂರುವುದು. ಬಿಲ್ಲೆಗೂ ಮುಚ್ಚಳಕ್ಕೂ ನಡುವೆ ಇಂಟೆಲಿನವರು ೨೦೧೧ರ ಪ್ರೊಸೆಸರುಗಳಲ್ಲಿ ಲೋಹದ ಬೆಸುಗೆಯನ್ನು ಹಾಕಿದ್ದರು. ೨೦೧೨ರಿಂದ ಸಾಮಾನ್ಯ ಮೇಜಿನ ಯಂತ್ರಗಳ ಪ್ರೊಸೆಸರುಗಳಲ್ಲಿ ಅದರ ಬದಲು ಲೇಪವನ್ನು ಉಪಯೋಗಿಸಿದರು. ಉಷ್ಣವನ್ನು ಸಾಗಿಸುವುದರಲ್ಲಿ ಇಂತಹ ಲೇಪವು ಲೋಹಕ್ಕಿಂತ ಬಹಳ ಹಿಂದೆ. ಆದಕಾರಣ ಮುಚ್ಚಳವನ್ನು ಬಿಚ್ಚಿ, ಲೇಪವನ್ನು ಒರೆಸಿ, ಗ್ಯಾಲಿಯಮ್, ಇಂಡಿಯಮ್, ತವರ ಇವುಗಳ ದ್ರವಲೋಹವನ್ನು ಸವರಿ, ಮತ್ತೆ ಮುಚ್ಚುವ ಕೌಶಲವು ಹುಟ್ಟಿತು. ಇದರಿಂದ ಪೂರ್ಣಭಾರದಲ್ಲಿ ೧೦ರಿಂದ ೨೦ ಡಿಗ್ರಿಗಳಷ್ಟು ಇಳಿಕೆಯಾಗುವುದು ಸಾಮಾನ್ಯವಾಗಿತ್ತು. ಆದರೆ ದ್ರವಲೋಹವು ವಿದ್ಯುತ್ತನ್ನು ಹರಿಯಗೊಡುವುದು, ಅಲ್ಯುಮಿನಿಯಮನ್ನು ಕೆಡಿಸುವುದು. ಒಂದು ಹನಿಯು ಸ್ಥಾನತಪ್ಪಿದರೂ ಹಾನಿಯುಂಟು. ನಿಪುಣನ ಕೈಯಿಂದ ಸಂಸ್ಕಾರಗೊಂಡುದನ್ನು ಕೊಳ್ಳಬೇಕೆಂಬ ಅಪೇಕ್ಷೆಗೆ ಇದೇ ಕಾರಣ.

೨೦೧೮ರಲ್ಲಿ ಐ೯-೯೯೦೦ಕೆ ಮೊದಲಾದುವುಗಳಲ್ಲಿ ಬೆಸುಗೆಯು ಹಿಂದಿರುಗಿದ ಮೇಲೆ ಮುಚ್ಚಳ ತೆಗೆಯುವುದರ ಲಾಭವು ಬಹಳ ಕುಗ್ಗಿತು. ತಯಾರಕರು ವಿಂಗಡಣೆಯನ್ನು ಸೂಕ್ಷ್ಮಗೊಳಿಸಿ, ಉಳಿದಿದ್ದ ಗುಪ್ತಶಕ್ತಿಯನ್ನು ಕಾರ್ಖಾನೆಯ ವೇಗದಲ್ಲಿಯೇ ಸೇರಿಸತೊಡಗಿದರು. ೨೦೨೧ರ ಅಕ್ಟೋಬರಿನಲ್ಲಿ ಸಿಲಿಕಾನ್ ಲಾಟರಿಯು ಬಾಗಿಲು ಮುಚ್ಚಿತು.

೫. ಬಿಸಿಲುಸೀಮೆಯ ಲೆಕ್ಕ

ಪರೀಕ್ಷಾಪತ್ರದಲ್ಲಿ ಕಾಣುವ ಉಷ್ಣತೆಯು ಪ್ರೊಸೆಸರಿನ ಸ್ವಂತ ಗುಣವೊಂದನ್ನೇ ತಿಳಿಸುವುದೆಂದು ಭಾವಿಸಬಾರದು. ತಂಪುಮಾಡುವ ಸಾಧನವು ಕೋಣೆಯ ಗಾಳಿಗೆ ಶಾಖವನ್ನು ಬಿಡುವುದರಿಂದ, ಕೋಣೆಯ ಉಷ್ಣತೆಯು ಎಷ್ಟು ಏರುವುದೋ ಸುಮಾರಾಗಿ ಅಷ್ಟೇ ಪ್ರೊಸೆಸರಿನ ಉಷ್ಣತೆಯೂ ಏರುವುದು. ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ೨೦ ಡಿಗ್ರಿಯ ಕೋಣೆಯಲ್ಲಿ ಪೂರ್ಣಭಾರದ ಪ್ರೊಸೆಸರು ೮೦ ಡಿಗ್ರಿಯಲ್ಲಿತ್ತೆಂದು ಇಟ್ಟುಕೊಳ್ಳೋಣ. ಅದೇ ಪ್ರೊಸೆಸರು, ಅದೇ ಸಾಧನ, ಅದೇ ಭಾರ. ಆದರೆ ಹೊಸಪೇಟೆಯ ವೈಶಾಖದಲ್ಲಿ ಕೋಣೆಯು ೩೮ ಡಿಗ್ರಿಯಲ್ಲಿದ್ದರೆ ಪ್ರೊಸೆಸರು ೯೮ನ್ನು ಮುಟ್ಟುವುದು. ಇಂಟೆಲಿನ ಅನೇಕ ಪ್ರೊಸೆಸರುಗಳಿಗೆ ೧೦೦ ಡಿಗ್ರಿಯೇ ಮಿತಿ. ಅಲ್ಲಿ ಅವು ತಾವಾಗಿಯೇ ವೇಗವನ್ನು ತಗ್ಗಿಸಿಕೊಳ್ಳುವುವು. ಹೆಚ್ಚು ಹಣ ತೆತ್ತು ಕೊಂಡ ವೇಗವು ಹೀಗೆ ಬೇಸಗೆಯ ಮಧ್ಯಾಹ್ನದಲ್ಲಿ ಇಲ್ಲವಾಗುವುದು.

ಈ ೧೮ ಡಿಗ್ರಿಯ ಅಂತರವು ಮುಚ್ಚಳ ತೆಗೆದು ಗಳಿಸಿದ ೧೦-೨೦ ಡಿಗ್ರಿಗೆ ಹೆಚ್ಚುಕಡಿಮೆ ಸಮವೆಂಬುದನ್ನು ವಾಚಕರು ಗಮನಿಸಬೇಕು. ಪರದೇಶದ ತಂಪುಕೋಣೆಯಲ್ಲಿ ಪಡೆದ ಗಳಿಕೆಯನ್ನು ನಮ್ಮ ಬಿಸಿಲೊಂದೇ ನುಂಗಿಬಿಡಬಲ್ಲುದು. ಇದರೊಡನೆ ಸಂಡೂರಿನ ದಾರಿಯ ಕೆಂಧೂಳು ತಂಪುಸಾಧನದ ರೆಕ್ಕೆಗಳ ನಡುವೆ ಕುಳಿತು ಗಾಳಿಯ ಸಂಚಾರವನ್ನು ಕಟ್ಟಿದರೆ ಉಷ್ಣತೆಯು ಇನ್ನೂ ಏರುವುದು. ಹವಾನಿಯಂತ್ರಣವಿದ್ದರೂ ಅದು ನಿಂತ ಹೊತ್ತಿನ ಲೆಕ್ಕವನ್ನೇ ಹಿಡಿಯುವುದು ಕ್ಷೇಮ.

೬. ನಷ್ಟದ ಹೊಣೆ

ಪರೀಕ್ಷಿತವೂ ಸಂಸ್ಕೃತವೂ ಆದ ಪ್ರೊಸೆಸರು ಕೆಟ್ಟರೆ ನಷ್ಟವು ಯಾರದು? ನೂನಿಜನು ಇನ್ನೊಂದು ವೃತ್ತಾಂತವನ್ನು ಹೇಳಿದ್ದಾನೆ. ಸಾಳುವ ನರಸಿಂಹನು ಕುದುರೆಗಳನ್ನು ಸಾವಿರ ಪರ್ದಾವಿಗೆ ಮೂರರಂತೆ, ಸತ್ತರೂ ಬದುಕಿದರೂ, ಕೊಳ್ಳುತ್ತಿದ್ದನು; ಸಮುದ್ರದಲ್ಲಿ ಸತ್ತುದರ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆಯನ್ನು ಕೊಡುತ್ತಿದ್ದನು. ದಾರಿಯ ಅಪಾಯವನ್ನು ಅರಸನೇ ಹೊತ್ತದ್ದರಿಂದ ವ್ಯಾಪಾರಿಗಳು ಉತ್ಸಾಹದಿಂದ ಕುದುರೆಗಳನ್ನು ತಂದರು.

ಇದನ್ನು ಹೋಲುವ ಏರ್ಪಾಡು ಪ್ರೊಸೆಸರುಗಳಲ್ಲಿಯೂ ಕೆಲಕಾಲವಿತ್ತು. ೨೦೧೨ರಲ್ಲಿ ಇಂಟೆಲ್ ಸಂಸ್ಥೆಯು ಪ್ರತ್ಯೇಕ ಶುಲ್ಕಕ್ಕೆ ಒಂದು ರಕ್ಷಣಾಯೋಜನೆಯನ್ನು ಆರಂಭಿಸಿ, ಓವರ್‌ಕ್ಲಾಕಿಂಗಿನಿಂದ ಕೆಟ್ಟುದಕ್ಕೆ ಒಂದು ಬಾರಿ ಬದಲು ಕೊಡುತ್ತಿತ್ತು. ೨೦೨೧ರಲ್ಲಿ ಅದನ್ನು ನಿಲ್ಲಿಸಿತು. ಮುಚ್ಚಳ ತೆಗೆದುದಕ್ಕೆ ತಯಾರಕನ ಖಾತರಿಯಿಲ್ಲ. ವರ್ತಕನು ಕೊಟ್ಟರೆ ಅವನದೊಂದೇ ಆಧಾರ, ಅದೂ ಅವನ ಅಂಗಡಿ ಇರುವವರೆಗೆ. ತಯಾರಕನು ತಾನೇ ಆರಿಸಿದ ೯೯೦೦ಕೆಎಸ್‌ಗೆ ಒಂದೇ ವರ್ಷದ ಖಾತರಿಯನ್ನು ಕೊಟ್ಟನೆಂಬುದೂ ನೆನಪಿಡತಕ್ಕ ಸಂಗತಿ.

ಇದಲ್ಲದೆ ಪರೀಕ್ಷೆಯು ಪರೀಕ್ಷೆಯ ದಿನಕ್ಕೆ ಮಾತ್ರ ಸಾಕ್ಷಿ. ಹೆಚ್ಚಿನ ವೋಲ್ಟೇಜಿನಲ್ಲಿ ದುಡಿದ ಸಿಲಿಕಾನು ಕಾಲಕ್ರಮದಲ್ಲಿ ಸವೆಯುವುದು. ಇಂಟೆಲಿನ ೧೩ನೆಯ ಮತ್ತು ೧೪ನೆಯ ತಲೆಮಾರಿನ ಕೆಲವು ಮೇಜಿನ ಪ್ರೊಸೆಸರುಗಳು ಮಿತಿಮೀರಿದ ವೋಲ್ಟೇಜಿನಿಂದ ಅಸ್ಥಿರವಾಗುತ್ತಿದ್ದುದು ೨೦೨೪ರಲ್ಲಿ ಸ್ಥಿರಪಟ್ಟು, ಸಂಸ್ಥೆಯು ತಿದ್ದುಪಡಿಯನ್ನು ಹೊರಡಿಸಿ ಖಾತರಿಯನ್ನು ೨ ವರ್ಷ ಹೆಚ್ಚಿಸಿತು. ಕಾರ್ಖಾನೆಯ ಪರೀಕ್ಷೆಯಲ್ಲಿ ಅವೆಲ್ಲ ಉತ್ತೀರ್ಣವಾದುವೇ.

೭. ಸಿದ್ಧಾಂತ

ಮೇಲಣ ವಿವೇಚನೆಯಿಂದ ಹೊರಡುವ ತಾತ್ಪರ್ಯವಿಷ್ಟು. ಪರೀಕ್ಷಿತ ಪ್ರೊಸೆಸರಿಗೆ ಕೊಡುವ ಅಧಿಕ ಬೆಲೆಯು ಸಿಲಿಕಾನಿಗಿಂತ ಹೆಚ್ಚಾಗಿ ಸಾಕ್ಷ್ಯಕ್ಕೆ ಸಲ್ಲುವುದು. ಸಾಕ್ಷ್ಯವನ್ನು ತೂಗಿನೋಡುವ ಕಲೆಯಾದರೋ ಗ್ರಂಥಸಂಪಾದಕರಿಗೆ ಚಿರಪರಿಚಿತವಾದುದು. ಒಂದು ಪ್ರತಿಯು ಕೈಗೆ ಬಂದರೆ ಅದರ ಕಾಲ, ಸ್ಥಳ, ಲಿಪಿಕಾರ, ಮಾತೃಕೆ ಇವನ್ನು ಕೇಳದೆ ಅದರ ಪಾಠವನ್ನು ನಾವು ಅಂಗೀಕರಿಸುವುದಿಲ್ಲ. ಪರೀಕ್ಷಾಪತ್ರಕ್ಕೂ ಅದೇ ಕ್ರಮ ಸಲ್ಲಬೇಕು: ವೇಗವೆಷ್ಟು, ಯಾವ ವೋಲ್ಟೇಜಿನಲ್ಲಿ, ಯಾವ ಭಾರವನ್ನು ಎಷ್ಟು ಹೊತ್ತು ಹೊತ್ತಿತು, ಎವಿಎಕ್ಸ್ ಸೇರಿತ್ತೇ, ತಂಪುಸಾಧನ ಯಾವುದು, ಕೋಣೆಯ ಉಷ್ಣತೆ ಎಷ್ಟು, ಕೆಟ್ಟರೆ ಹೊಣೆ ಯಾರದು. ಇವುಗಳಿಗೆ ಉತ್ತರವಿಲ್ಲದ ಪತ್ರಕ್ಕೆ ಹೆಚ್ಚಿನ ಬೆಲೆಯನ್ನು ತೆರಬೇಕಾದುದಿಲ್ಲ.

ಕಾಲೇಜು, ಗ್ರಂಥಭಂಡಾರ, ಸಂಶೋಧನಶಾಲೆಗಳ ಕಾರ್ಯಕ್ಕೆ, ವಿಶೇಷವಾಗಿ ಈ ಸೀಮೆಯಲ್ಲಿ, ಖಾತರಿಯುಳ್ಳ ಸಾಮಾನ್ಯ ಪ್ರೊಸೆಸರನ್ನು ಕೊಂಡು, ಮಿಗಿಸಿದ ಹಣವನ್ನು ಉತ್ತಮ ತಂಪುಸಾಧನಕ್ಕೆ ವಿನಿಯೋಗಿಸುವುದು ಲೇಸು. ವೇಗದ ಮೇಲ್ಮಿತಿಯನ್ನು ಸ್ವಲ್ಪ ಇಳಿಸಿಟ್ಟರೆ ಪ್ರೊಸೆಸರು ತಾನಾಗಿಯೇ ಕಡಿಮೆ ವೋಲ್ಟೇಜಿನಲ್ಲಿ ದುಡಿದು ತಂಪಾಗಿರುವುದು. ಧೂಳನ್ನು ಕಾಲಕಾಲಕ್ಕೆ ತೆಗೆಯಿಸುವುದೂ ಅಷ್ಟೇ ಅಗತ್ಯ. ಹೀಗೆ ಅಣಿಗೊಳಿಸಿದ ಯಂತ್ರವನ್ನು ಬೇಸಗೆಯ ನಡುಹಗಲಿನಲ್ಲಿ, ಅದು ಇರತಕ್ಕ ಕೋಣೆಯಲ್ಲಿಯೇ, ಕೆಲವು ಗಂಟೆಗಳ ಕಾಲ ಪೂರ್ಣಭಾರದಲ್ಲಿ ಓಡಿಸಿ, ಮೊದಲೇ ಶುದ್ಧವಾಗಿ ತಿದ್ದಿಟ್ಟ ನೂರು ಪುಟಗಳನ್ನು ಅದರಿಂದ ಎರಡು ಬಾರಿ ಓದಿಸಿ, ಎರಡು ಫಲಗಳನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಓದುವ ತಂತ್ರದ ದೋಷಗಳು ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಕಾಣುವುವು. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಭೇದವು ಯಂತ್ರದ ಅಸ್ಥಿರತೆಯನ್ನು ಸೂಚಿಸುವುದು. ಅಂತಹ ಭೇದವು ಒಂದು ಕಂಡರೂ ಕಾರಣವು ಗೊತ್ತಾಗುವ ತನಕ ಆ ಯಂತ್ರಕ್ಕೆ ಗ್ರಂಥವನ್ನು ಒಪ್ಪಿಸಬಾರದು.