ಗೋವಿಂದರಾಜನಗರದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಬೆಂಗಳೂರಿನ ಗೋವಿಂದರಾಜನಗರದ ಮನೆಯೊಂದರ ಹಜಾರದಲ್ಲಿ ಸೂಟ್‌ಕೇಸ್ ತೂಗುತ್ತಿದ್ದಾರೆ ಎಂದರೆ, ಅಪ್ಪ–ಅಮ್ಮ ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಹತ್ತಿರ ಹೊರಟಿದ್ದಾರೆಂದೇ ಲೆಕ್ಕ. ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಎಲ್ಲ ಸೇರಿ ಒಂದು ಪೆಟ್ಟಿಗೆ 23 ಕಿಲೋ ದಾಟುವಂತಿಲ್ಲ. ದಾಟಿದರೆ ಮೊದಲು ಹೊರಗೆ ಬರುವುದು ಅಮ್ಮನ ಸೀರೆ. ಪುಡಿಯ ಪೊಟ್ಟಣ ಮಾತ್ರ ಅಲ್ಲಾಡುವುದಿಲ್ಲ. ಪಕ್ಕದ ಮನೆಯವರು ಕೇಳುವುದು ಒಂದೇ: ‘ಎಷ್ಟು ಗಂಟೆ ಪ್ರಯಾಣ?’

ದೂರ ಹೇಳುವುದು ಸುಲಭ. ಬೆಂಗಳೂರು, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ 13,993 ಕಿ.ಮೀ. ಮೇಜಿನ ಮೇಲಿನ ಭೂಗೋಳ ತೆಗೆದುಕೊಂಡು ಎರಡು ಊರಿಗೂ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ನೇರ ಪೂರ್ವಕ್ಕೂ ಹೋಗದು, ನೇರ ಪಶ್ಚಿಮಕ್ಕೂ ಹೋಗದು. ತುಸು ಪೂರ್ವಕ್ಕೆ ವಾಲಿ ಉತ್ತರಕ್ಕೆ ಏರಿ, ಆರ್ಕ್ಟಿಕ್ ವಲಯ ಹಾದು ಆ ಕಡೆ ಇಳಿಯುತ್ತದೆ. ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿರುವ ಊರುಗಳಿಗೆ ಅದೇ ಹತ್ತಿರದ ಹಾದಿ.

ಇಂಥದೇ ಉತ್ತರದ ಹಾದಿ ಹಿಡಿದು 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ಉತ್ತರ ಧ್ರುವದ ಮೇಲೆ ಹಾದು, 17 ಗಂಟೆಗೂ ಹೆಚ್ಚು ಹಾರಿ, 11ರ ನಸುಕಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಬೆಂಗಳೂರಿಗೆ ಅಮೆರಿಕದಿಂದ ಬಂದ ಮೊದಲ ತಡೆರಹಿತ ವಿಮಾನಯಾನ ಅದು. ನಮ್ಮ ಊರಿನ ಚರಿತ್ರೆಯಲ್ಲಿ ಅದಕ್ಕೊಂದು ಸಾಲು ಸಲ್ಲಬೇಕು.

ಆದರೆ ಹೊತ್ತು ದೂರದ ಮಾತು ಕೇಳುವುದಿಲ್ಲ. ಹತ್ತು–ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಸಿಕ್ಕರೆ ಗಂಟೆ ಉಳಿಯುತ್ತದೆ, ಎದುರಾದರೆ ಹೋಗುತ್ತದೆ. ಹಾಗಾಗಿ ಪೈಲಟ್‌ಗಳು ಪೆಸಿಫಿಕ್ ಮೇಲೆ ಸುತ್ತಿಕೊಂಡು ಹೋಗುವುದೂ ಉಂಟು. ದೇಶಗಳ ಜಗಳವೂ ಹಾದಿ ಬದಲಿಸುತ್ತದೆ: 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶ ಮುಚ್ಚಿದಾಗ, ದೆಹಲಿಯಿಂದ ಯುರೋಪು, ಅಮೆರಿಕಕ್ಕೆ ಹೋಗುವ ನಮ್ಮ ವಿಮಾನಗಳು ಬಳಸುದಾರಿ ಹಿಡಿಯಬೇಕಾಯಿತು.

ಗಡಿಯಾರದ್ದು ಇನ್ನೊಂದು ಗೊಂದಲ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಸೋಮವಾರ ಮಧ್ಯಾಹ್ನ 2.30ಕ್ಕೆ ಇಲ್ಲಿಂದ ಹೊರಟು 16 ಗಂಟೆ ಹಾರಿದರೂ ಅಲ್ಲಿ ಇಳಿದಾಗ ಸೋಮವಾರ ಸಂಜೆ 5. ಮೈ ಮಾತ್ರ ಮಂಗಳವಾರ ಬೆಳಗಾಯಿತೆಂದೇ ನಂಬಿರುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಇದು ಸಣ್ಣ ವಿಷಯವಲ್ಲ.

ಇದರ ಮೇಲೆ ವಿಜಯನಗರ, ಹೆಬ್ಬಾಳ ದಾಟಿ ದೇವನಹಳ್ಳಿಗೆ ಸುಮಾರು 40 ಕಿ.ಮೀ. ರಸ್ತೆ, ಮೂರು ಗಂಟೆ ಮೊದಲೇ ನಿಲ್ದಾಣ ಸೇರಬೇಕು, ಇಳಿದ ಮೇಲೆ ಇಮಿಗ್ರೇಷನ್ ಸಾಲು. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಹೆಚ್ಚುಕಡಿಮೆ ಪೂರ್ತಿ ಒಂದು ದಿನ. ನಡುವೆ ವಿಮಾನ ಬದಲಿಸುವುದಿದ್ದರೆ ಅದಕ್ಕೂ ಹೆಚ್ಚು.

ಅಲ್ಲಿಂದ ಟಿಕೆಟ್ ತೆಗೆಯುವ ಮಗ, ಮಗಳು, ಸೊಸೆ, ಅಳಿಯಂದಿರಲ್ಲಿ ಒಂದು ಕೋರಿಕೆ: ದರದ ಜೊತೆಗೆ ಒಟ್ಟು ಹೊತ್ತನ್ನೂ ನೋಡಿ. ಗಾಲಿಕುರ್ಚಿಯನ್ನು ಟಿಕೆಟ್ ತೆಗೆಯುವಾಗಲೇ ಕೇಳಿಬಿಡಿ. ಮಾತ್ರೆಯ ವೇಳೆಯನ್ನು ವೈದ್ಯರಿಂದ ಬರೆಸಿ, ಅಪ್ಪ–ಅಮ್ಮನ ಕೈಚೀಲದಲ್ಲೇ ಇಡಲು ಹೇಳಿ.