ನನ್ನ ಹೆಸರು ಹೇಳಿ

ಬೆಂಗಳೂರಿನ ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಬೆಳೆದವರು ಈ ಮಾತು ಕೇಳಿಯೇ ಇರುತ್ತಾರೆ. ಮದುವೆಗೆ ಜವಳಿ ತೆಗೆಯಬೇಕು ಅಂದರೆ ಸಾಕು, ಎದುರು ಮನೆಯವರು ಕಾಂಪೌಂಡಿನ ಆಚೆಯಿಂದಲೇ ಹೇಳುತ್ತಿದ್ದರು: "ಚಿಕ್ಕಪೇಟೆಗೆ ಹೋದ್ರೆ ಆ ಮೂಲೆ ಅಂಗಡಿಗೇ ಹೋಗಿ. ನನ್ನ ಹೆಸರು ಹೇಳಿ, ನೋಡಿ ಹಾಕ್ತಾರೆ." ಅಂಗಡಿಯವರೂ ಮೊದಲು ಕೇಳುತ್ತಿದ್ದುದು ಅದನ್ನೇ, "ಯಾರು ಕಳಿಸಿದ್ದು?" ಸೀರೆ ಬಣ್ಣ ಬಿಟ್ಟರೆ ಮಾರನೆಯ ದಿನ ತರಕಾರಿ ಗಾಡಿಯ ಹತ್ತಿರ ಉತ್ತರ ಕೊಡಬೇಕಾಗಿದ್ದವರು ಎದುರು ಮನೆಯವರು.

ಆನ್‌ಲೈನ್ ಅಂಗಡಿಗಳ ಅಫಿಲಿಯೇಟ್ ಸಂಪಾದನೆ ನನಗೆ ಅರ್ಥವಾದದ್ದು ಈ ಮಾತಿನಿಂದ. ನಿಮ್ಮ ವೆಬ್‌ಸೈಟಿನಲ್ಲಿ ಒಂದು ಗ್ರೈಂಡರ್ ಬಗ್ಗೆ ಬರೆದು ಅಂಗಡಿಯ ಲಿಂಕ್ ಹಾಕುತ್ತೀರಿ. ಆ ಲಿಂಕಿನ ಬಾಲದಲ್ಲಿ ನಿಮ್ಮದೊಂದು ಗುರುತು ಇರುತ್ತದೆ. ಓದುಗರು ಅದನ್ನು ಒತ್ತಿ ಒಳಗೆ ಹೋದಾಗ ಯಾರು ಕಳಿಸಿದ್ದು ಎಂಬುದಕ್ಕೆ ಆ ಗುರುತೇ ಉತ್ತರ. ಅವರು ಕೊಂಡರೆ ನಿಮಗೆ ಕಮಿಷನ್. ಅಮೆಜಾನ್‌ನಲ್ಲಿ ಆ ಗುರುತಿನ ಆಯಸ್ಸು 24 ಗಂಟೆ. ಸಾಮಾನು ವಾಪಸ್ ಹೋದರೆ ಕಮಿಷನ್ನೂ ವಾಪಸ್. ನಿಮ್ಮ ಲಿಂಕಿನಿಂದ ನೀವೇ ಕೊಳ್ಳುವ ಹಾಗಿಲ್ಲ.

ಅಮೆಜಾನ್ ಈ ಪದ್ಧತಿ ಶುರು ಮಾಡಿದ್ದು 1996ರ ಜುಲೈನಲ್ಲಿ, ಅದು ಬರೀ ಪುಸ್ತಕದಂಗಡಿಯಾಗಿದ್ದಾಗ. ನಮ್ಮೂರಿನ ಫ್ಲಿಪ್‌ಕಾರ್ಟ್ ಕೂಡ 2007ರಲ್ಲಿ ಪುಸ್ತಕ ಮಾರುತ್ತಲೇ ಹುಟ್ಟಿದ್ದು. ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಮೊದಲು ಯೋಚಿಸಿದ್ದು ಬೆಲೆ ಹೋಲಿಸುವ ವೆಬ್‌ಸೈಟ್. ಹೋಲಿಸಲು ದೇಶದಲ್ಲಿ ಸಾಕಷ್ಟು ಆನ್‌ಲೈನ್ ಅಂಗಡಿಗಳೇ ಇರಲಿಲ್ಲವಾದ್ದರಿಂದ ತಾವೇ ಒಂದನ್ನು ತೆರೆದರು. ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ನಿಂತು ಬಂದುಹೋಗುವವರಿಗೆ ಬುಕ್‌ಮಾರ್ಕ್ ಹಂಚಿದರು. ಅಮೆಜಾನ್ ಇಂಡಿಯಾ ಬಾಗಿಲು ತೆರೆದಿದ್ದು 2013ರ ಜೂನ್‌ನಲ್ಲಿ.

ಹಾಗಾದರೆ ದುಡ್ಡು ಎಷ್ಟು ಬರುತ್ತದೆ? ಸಾಮಾನಿಗೊಂದು ದರ, ಆ ದರ ಬರೆಯುವವರ ಕೈಯಲ್ಲಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣದ ಕಮಿಷನ್ನನ್ನು ಶೇ 8ರಿಂದ ಶೇ 3ಕ್ಕೆ ಇಳಿಸಿತು. ವರ್ಷಗಟ್ಟಲೆ ಬರೆದು ಕಟ್ಟಿದ ಆದಾಯ ಹೀಗೆ ಒಂದೇ ಆದೇಶಕ್ಕೆ ಅರ್ಧಕ್ಕಿಂತ ಕೆಳಗೆ ಬೀಳಬಹುದು. ಇದನ್ನು ನಂಬಿ ಕೆಲಸ ಬಿಡಬೇಡಿ ಎಂದು ಮನೆಯ ಮಕ್ಕಳಿಗೆ ಹೇಳಿದಂತೆಯೇ ಹೇಳುತ್ತೇನೆ. ಬಂದದ್ದು ಆದಾಯವೇ, ರಿಟರ್ನ್ಸ್‌ನಲ್ಲಿ ತೋರಿಸಬೇಕು. ಮಿತಿ ದಾಟಿದರೆ ಮೂಲದಲ್ಲೇ ತೆರಿಗೆ ಮುರಿದುಕೊಳ್ಳುತ್ತಾರೆ. 2024ರ ಅಕ್ಟೋಬರ್‌ನಿಂದ ಆ ದರ ಶೇ 5ರ ಬದಲು ಶೇ 2.

ನನಗೆ ಮುಖ್ಯವಾದ ವಿಷಯ ಬೇರೆ ಇದೆ. ನೀರಿನ ಫಿಲ್ಟರನ್ನೇ ತೆಗೆದುಕೊಳ್ಳಿ. ಮಲ್ಲೇಶ್ವರದ ಒಂದು ಮನೆಯ ಸಂಪ್‌ಗೆ ಬರುವುದು ಬರೀ ಕಾವೇರಿ ನೀರು. ಅದರಲ್ಲಿ ಕರಗಿದ ಲವಣ ಕಡಿಮೆ. ಆ ಮನೆಗೆ ಯುವಿ ಫಿಲ್ಟರ್ ಧಾರಾಳವಾಗಿ ಸಾಕು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರಾದರೆ ಆರ್‌ಒ ಬೇಕಾಗಬಹುದು. ಆದರೆ ಆರ್‌ಒ ಕುಡಿಯಲು ಕೊಡುವ ನೀರಿನ ಜೊತೆಗೆ ಸಾಕಷ್ಟು ನೀರನ್ನು ಚರಂಡಿಗೂ ಬಿಡುತ್ತದೆ. ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣಾಂಶವಿರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಸರ್ಕಾರಕ್ಕೆ ಸೂಚಿಸಿತ್ತು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ಕುಳಿತ ಊರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೆಕ್ಕ ಹಾಕಿ. ಆರ್‌ಒ 15,000 ರೂಪಾಯಿ, ಯುವಿ 8,000, ಕಮಿಷನ್ ಶೇ 5 ಎಂದಿಟ್ಟುಕೊಳ್ಳೋಣ. ಒಂದಕ್ಕೆ 750 ರೂಪಾಯಿ, ಇನ್ನೊಂದಕ್ಕೆ 400. "ನಿಮ್ಮ ಮನೆಗೆ ಬರುವುದು ಯಾವ ನೀರು, ಮೊದಲು ನೋಡಿಕೊಳ್ಳಿ" ಎಂದು ಬರೆಯುವವರು ಒಂದೊಂದು ಮನೆಗೂ 350 ರೂಪಾಯಿ ಬಿಟ್ಟುಕೊಡಲು ಸಿದ್ಧರಿರಬೇಕು. ಹತ್ತು ಫಿಲ್ಟರ್‌ಗಳ ಚಿತ್ರ ಅಂಟಿಸಿ, ಕಂಪನಿ ಕೊಟ್ಟ ವಿವರವನ್ನೇ ಕನ್ನಡಕ್ಕೆ ತಿರುಗಿಸಿ, ಎಲ್ಲವೂ ಉತ್ತಮ ಎನ್ನುವ ಪುಟಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ದೋಸೆ ಹಿಟ್ಟು ರುಬ್ಬದವರು ಗ್ರೈಂಡರ್ ಬಗ್ಗೆ ಯಾಕೆ ಬರೆಯಬೇಕು? ಆ ಪುಟವನ್ನು ನಂಬಿ ಕಾರ್ಡ್ ತೆಗೆಯುವವರು ಪಿಂಚಣಿಯಲ್ಲಿ ಬದುಕುವ ನಮ್ಮ ಅತ್ತೆ, ನಮ್ಮ ಚಿಕ್ಕಪ್ಪ.

ಕಮಿಷನ್ ತೆಗೆದುಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅಂಚೆ ಕಚೇರಿಯ ಆರ್‌ಡಿ ಕಟ್ಟಿಸಲು ಮನೆ ಬಾಗಿಲಿಗೆ ಬರುವ ಮಹಿಳಾ ಏಜೆಂಟರಿಗೆ ಸರ್ಕಾರವೇ ಶೇ 4 ಕೊಡುತ್ತದೆ. "ಏನ್ರೀ, ಈ ತಿಂಗಳದ್ದು ಕಟ್ಟಲಿಲ್ವಲ್ಲ" ಎಂದು ಅವರು ಬಂದರೆ ಕಾಫಿ ಕೊಟ್ಟು ಕೂರಿಸುತ್ತೇವೆ. ಎದುರು ಮನೆಯವರು ಮಾತ್ರ ಅಂಗಡಿಯಿಂದ ಗುಟ್ಟಾಗಿ ದುಡ್ಡು ತೆಗೆದುಕೊಂಡಿದ್ದರೆಂದು ಗೊತ್ತಾದರೆ ಮನಸ್ಸು ಮುರಿಯುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹಣದ ಸಂಬಂಧವನ್ನು ಎದ್ದು ಕಾಣುವಂತೆ ತಿಳಿಸಿ ಎನ್ನುತ್ತದೆ. ಶಿಫಾರಸು ಯಾವ ಭಾಷೆಯಲ್ಲಿದೆಯೋ ಈ ಸೂಚನೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಲೇಖನ ಬರೆದು ಪುಟದ ಬುಡದಲ್ಲಿ ಇಂಗ್ಲಿಷಿನ ಸಣ್ಣಕ್ಷರ ಹಾಕಿದರೆ ಆಗದು. "ಈ ಲಿಂಕಿನಿಂದ ಕೊಂಡರೆ ನನಗೆ ಸ್ವಲ್ಪ ಕಮಿಷನ್ ಬರುತ್ತದೆ" ಎಂದು ಮೇಲೆಯೇ ಬರೆಯಲು ಏನು ಕಷ್ಟ?

ಕನ್ನಡ ಪುಸ್ತಕಗಳ ಬಗ್ಗೆ ಬರೆದು ಲಿಂಕ್ ಕೊಡುವವರ ಮೇಲೆ ನನಗೆ ಹೆಚ್ಚಿನ ಪ್ರೀತಿ. 200 ರೂಪಾಯಿಯ ಕಾದಂಬರಿಗೆ ಅದೇ ಶೇ 5ರ ಲೆಕ್ಕದಲ್ಲಿ ಸಿಗುವುದು 10 ರೂಪಾಯಿ. ಬೈ ಟೂ ಕಾಫಿಗೂ ಸಾಲದು. ಆದರೂ ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತ ಕನ್ನಡಿಗರಿಗೆ ಆ ಲಿಂಕ್ ಬೇಕೇ ಬೇಕು. ಬಸವನಗುಡಿಯ ಓದುಗರಿಗಾದರೆ ಲಿಂಕಿನ ಪಕ್ಕದಲ್ಲೇ ಇನ್ನೊಂದು ಸಾಲು ಬರೆಯಿರಿ: ಗಾಂಧಿ ಬಜಾರಿನ ಅಂಕಿತ ಪುಸ್ತಕಕ್ಕೆ ನಡೆದೇ ಹೋಗಬಹುದು, ನಾಲ್ಕು ಪುಟ ತಿರುವಿ ನೋಡಿ ಕೊಳ್ಳಬಹುದು. ಅಲ್ಲಿ ನಿಮ್ಮ ಹೆಸರು ಹೇಳಬೇಕಾಗಿಲ್ಲ.